ಜಯಚಾಮರಾಜ ಒಡೆಯರ್

ಜಯಚಾಮರಾಜೇಂದ್ರ ಒಡೆಯರ್ (18 ಜುಲೈ 1919 – 23 ಸೆಪ್ಟೆಂಬರ್ 1974) ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರು. 1940ರಲ್ಲಿ ಪಟ್ಟಕ್ಕೆ ಬಂದ ಇವರು, ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿದ ಬಳಿಕ ಮೈಸೂರಿನ ರಾಜಪ್ರಮುಖರಾಗಿ, ನಂತರ ವಿಶಾಲ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾಗಿ, ಕೊನೆಗೆ ಮದರಾಸಿನ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. ತತ್ತ್ವಶಾಸ್ತ್ರದ ಲೇಖಕರಾಗಿ, ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿ ಹಾಗೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪೋಷಕರಾಗಿ ಹೆಸರಾದರು. ಅರಮನೆಯಲ್ಲಿ ಇವರು ಬೆಳೆಸಿದ ಗ್ರಾಮಫೋನ್ ತಟ್ಟೆಗಳ ಸಂಗ್ರಹ ಮತ್ತು ಅವುಗಳನ್ನು ಆಲಿಸಲು ಕೂಡಿಸಿದ್ದ ಧ್ವನಿವರ್ಧಕಗಳು ಆ ಕಾಲದ ಭಾರತದಲ್ಲಿ ಅಪೂರ್ವವಾಗಿದ್ದವು. ಮನೆಯಲ್ಲಿ ಕುಳಿತು ಕೇಳುವ ಈ ಹವ್ಯಾಸವೇ ಮುಂದೆ ಲಂಡನ್ನಿನಲ್ಲಿ ಹಲವು ಮಹತ್ವದ ಧ್ವನಿಮುದ್ರಣಗಳು ನಡೆಯಲು ಕಾರಣವಾಯಿತು.

ಜನನ ಮತ್ತು ಮನೆತನ

ಜಯಚಾಮರಾಜ ಒಡೆಯರ್ ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್. ತಾಯಿ ಯುವರಾಣಿ ಕೆಂಪು ಚೆಲುವಾಜಮ್ಮಣ್ಣಿ. ಆಗ ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಇವರ ದೊಡ್ಡಪ್ಪ. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲವಾದ್ದರಿಂದ ಪಟ್ಟದ ಹಕ್ಕು ಮೊದಲು ಯುವರಾಜರಿಗೆ, ಅವರ ನಂತರ ಜಯಚಾಮರಾಜರಿಗೆ ಸಲ್ಲುವುದಿತ್ತು.

ಇವರು ಬೆಳೆದ ಅರಮನೆಯಲ್ಲಿ ಸಂಗೀತಕ್ಕೆ ದೊಡ್ಡ ಸ್ಥಾನವಿತ್ತು. ನಾಲ್ವಡಿಯವರು ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಆಸ್ಥಾನದಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಆ ವೃಂದವನ್ನು ಜರ್ಮನಿಯ ಓಟ್ಟೊ ಶ್ಮಿಟ್ ನಡೆಸುತ್ತಿದ್ದರು. ಹೀಗಾಗಿ ವೀಣೆ ಮತ್ತು ಪಿಯಾನೊ ಎರಡನ್ನೂ ಚಿಕ್ಕಂದಿನಿಂದಲೇ ಹತ್ತಿರದಿಂದ ಕೇಳುವ ಅವಕಾಶ ಬಾಲಕನಿಗೆ ದೊರೆಯಿತು.

ಶಿಕ್ಷಣ ಮತ್ತು ಯುರೋಪ್ ಪ್ರವಾಸ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದ ಇವರು 1938ರಲ್ಲಿ ಪದವಿ ಪಡೆದರು. ಪರೀಕ್ಷೆಯಲ್ಲಿ ಹಲವು ಬಹುಮಾನಗಳನ್ನೂ ಚಿನ್ನದ ಪದಕಗಳನ್ನೂ ಗಳಿಸಿದರು. 1939ರಲ್ಲಿ, ಎರಡನೆಯ ಮಹಾಯುದ್ಧ ಆರಂಭವಾಗುವ ಹೊತ್ತಿನ ಯುರೋಪಿನಲ್ಲಿ ಪ್ರವಾಸ ಮಾಡಿ, ಲಂಡನ್ನಿನ ಅನೇಕ ಸಂಘಸಂಸ್ಥೆಗಳನ್ನು ಕಂಡು, ಕಲಾವಿದರ ಮತ್ತು ವಿದ್ವಾಂಸರ ಪರಿಚಯ ಮಾಡಿಕೊಂಡರು.

ಪಿಯಾನೊ ವಾದನದಲ್ಲಿ ಇವರು ಕ್ರಮಬದ್ಧ ಶಿಕ್ಷಣ ಪಡೆದಿದ್ದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಅರ್ಹತೆ ಇವರಿಗಿತ್ತು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದರು. ಕಛೇರಿ ಪಿಯಾನೊ ವಾದಕರಾಗಬೇಕೆಂಬ ಹಂಬಲ ಇವರಲ್ಲಿತ್ತು. ಆದರೆ 1940ರ ಮಾರ್ಚ್ 11ರಂದು ಮುಂಬಯಿಯಲ್ಲಿ ತಂದೆ ತೀರಿಕೊಂಡರು. ಐದು ತಿಂಗಳೊಳಗೆ, ಆಗಸ್ಟ್ 3ರಂದು, ದೊಡ್ಡಪ್ಪನೂ ನಿಧನರಾದರು. ಇಪ್ಪತ್ತೊಂದರ ವಯಸ್ಸಿನಲ್ಲಿ, 1940ರ ಸೆಪ್ಟೆಂಬರ್ 8ರಂದು, ಇವರಿಗೆ ಪಟ್ಟವಾಯಿತು. ಅಲ್ಲಿಗೆ ವೃತ್ತಿಪರ ವಾದಕನ ಬದುಕಿನ ದಾರಿ ಮುಚ್ಚಿತು. ಯುದ್ಧದ ಕಾರಣ ಯುರೋಪಿನ ಸಭಾಂಗಣಗಳೂ ದೂರವಾದವು. ನುಡಿಸುವ ಆಸೆಗೆ ತಡೆ ಬಿದ್ದ ಈ ವರ್ಷಗಳಲ್ಲಿ ಇವರ ಪಾಶ್ಚಾತ್ಯ ಸಂಗೀತದ ಒಲವಿಗೆ ಮುಖ್ಯ ಆಸರೆಯಾಗಿ ಉಳಿದುದು ಗ್ರಾಮಫೋನ್ ತಟ್ಟೆ.

ಆಳ್ವಿಕೆ

ಜಯಚಾಮರಾಜರ ಆಳ್ವಿಕೆಯ ಕಾಲದಲ್ಲಿ ಮಿರ್ಜಾ ಇಸ್ಮಾಯಿಲ್, ಎನ್. ಮಾಧವರಾವ್ ಮತ್ತು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ದಿವಾನರಾಗಿದ್ದರು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಆರಂಭವಾದಾಗ ಮೈಸೂರು ಸರ್ಕಾರ ಅದರಲ್ಲಿ ಪಾಲುದಾರನಾಗಿತ್ತು. ಮೈಸೂರಿನ ಚೆಲುವಾಂಬಾ ಅರಮನೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ನೆಲೆಯಾಯಿತು.

1947ರ ಆಗಸ್ಟ್‌ನಲ್ಲಿ ಭಾರತ ಒಕ್ಕೂಟವನ್ನು ಸೇರುವ ಪತ್ರಕ್ಕೆ ಸಹಿ ಹಾಕಿದರು. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯ ಫಲವಾಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ನೇತೃತ್ವದ ಜನಪ್ರತಿನಿಧಿ ಸರ್ಕಾರ ಅಸ್ತಿತ್ವಕ್ಕೆ ಬಂದಿತು. 1950ರ ಜನವರಿ 26ರಿಂದ ಒಡೆಯರ್ ಅವರು ರಾಜಪ್ರಮುಖರಾದರು.

ಧ್ವನಿಮುದ್ರಿಕೆಗಳ ಸಂಗ್ರಹ

ಒಡೆಯರ್ ಅವರ ಸಂಗ್ರಹದಲ್ಲಿ ಸುಮಾರು 20,000 ಗ್ರಾಮಫೋನ್ ತಟ್ಟೆಗಳಿದ್ದವೆಂದು ಅಂದಾಜು. 1949ರಲ್ಲಿ ಲಂಡನ್ನಿನಿಂದ ಮೈಸೂರಿಗೆ ಬಂದ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಇದನ್ನು ಕಂಡು ಬೆರಗಾದರು. ಗಂಭೀರ ಸಂಗೀತದ ಎಲ್ಲ ಬಗೆಯ ಮುದ್ರಿಕೆಗಳು, ಬಗೆಬಗೆಯ ಧ್ವನಿವರ್ಧಕಗಳ ದೊಡ್ಡ ಸಾಲು ಮತ್ತು ಹಲವು ದೊಡ್ಡ ಕಛೇರಿ ಪಿಯಾನೊಗಳು ಅರಮನೆಯೊಂದರಲ್ಲಿ ಇದ್ದುದನ್ನು ಅವರು ಮುಂದೆ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಲೆಗ್ ಸ್ವತಃ ಯುರೋಪಿನ ಹೆಸರಾಂತ ಧ್ವನಿಮುದ್ರಣಗಳ ನಿರ್ಮಾಪಕರಾಗಿದ್ದವರು. ಅಂಥವರು ಗಮನಿಸಿ ಬರೆದಿಡುವಷ್ಟು ಸಲಕರಣೆ ಮೈಸೂರಿನಲ್ಲಿ ಇತ್ತೆಂಬುದು ಗಮನಾರ್ಹ.

ಈ ಸಂಗ್ರಹದ ಅರ್ಥ ತಿಳಿಯಲು ಆ ಕಾಲದ ತಂತ್ರಜ್ಞಾನದ ಪರಿಚಯ ಅಗತ್ಯ. 1925ಕ್ಕೆ ಮುಂಚೆ ಕಲಾವಿದರು ಕಹಳೆಯೊಂದರ ಎದುರು ಹಾಡುತ್ತಿದ್ದರು. ದನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. 1925ರಿಂದ ಮೈಕ್ರೊಫೋನ್ ಬಳಸಿ ವಿದ್ಯುತ್ ಕ್ರಮದಲ್ಲಿ ಮುದ್ರಿಸುವ ಪದ್ಧತಿ ಬಂದಿತು. ಅದೇ ವರ್ಷ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅವರು, ಅಯಸ್ಕಾಂತದ ನಡುವೆ ಚಲಿಸುವ ತಂತಿಸುರುಳಿಗೆ ಕಾಗದದ ಶಂಕುವನ್ನು ಜೋಡಿಸಿದ ಧ್ವನಿವರ್ಧಕವನ್ನು ವಿವರಿಸಿದರು. ಇಂದಿನ ಹೆಚ್ಚಿನ ಧ್ವನಿವರ್ಧಕಗಳು ಕೆಲಸ ಮಾಡುವುದು ಅದೇ ತತ್ತ್ವದ ಮೇಲೆ.

ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಹನ್ನೆರಡು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಸಂಗೀತ ಹಿಡಿಸುತ್ತಿತ್ತು. ಮೂವತ್ತೈದು ನಿಮಿಷದ ಒಂದು ಕೃತಿಗೆ ಎಂಟೊಂಬತ್ತು ಮಗ್ಗುಲುಗಳು ಬೇಕಾಗುತ್ತಿದ್ದವು. ಪ್ರತಿ ನಾಲ್ಕು ನಿಮಿಷಕ್ಕೊಮ್ಮೆ ಸಂಗೀತ ನಿಂತು, ತಟ್ಟೆ ಬದಲಾಗಬೇಕಿತ್ತು. ಈ ತಟ್ಟೆಗಳಿಗೆ ಬೇಕಾದ ಅರಗು ಬಹುಪಾಲು ಭಾರತದ ಕಾಡುಗಳಿಂದಲೇ ರಫ್ತಾಗುತ್ತಿತ್ತು.

ಮುದ್ರಣವೆಲ್ಲ ಏಕವಾಹಿನಿಯದು. ಎಡ-ಬಲದ ಭೇದ ತೋರುವ ಸ್ಟೀರಿಯೊ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಆದ್ದರಿಂದ ವಾದ್ಯವೃಂದದ ವಿಸ್ತಾರವೆಲ್ಲ ಒಂದೇ ಬಿಂದುವಿನಿಂದ ಬಂದಂತೆ ಕೇಳುತ್ತಿತ್ತು. ಅದರ ಗುಣ ಬಹುಮಟ್ಟಿಗೆ ಧ್ವನಿವರ್ಧಕವನ್ನು ಅವಲಂಬಿಸಿತ್ತು. ಕಹಳೆಯಾಕಾರದ ಧ್ವನಿವರ್ಧಕ ಅಲ್ಪ ವಿದ್ಯುತ್ತಿನಲ್ಲೇ ದೊಡ್ಡ ದನಿ ಕೊಡುತ್ತದೆ, ಹಾಡಿನ ಮಾತುಗಳನ್ನು ಮುಂದಕ್ಕೆ ತರುತ್ತದೆ. ಆದರೆ ಕಹಳೆ ಚಿಕ್ಕದಾದರೆ ಮಂದ್ರ ಸ್ವರಗಳು ಸೊರಗುತ್ತವೆ. ದೊಡ್ಡ ಶಂಕುವಿನ ಧ್ವನಿವರ್ಧಕವನ್ನು ಪೆಟ್ಟಿಗೆಯಲ್ಲಿ ಕೂಡಿಸಿದರೆ ಮಂದ್ರ ತುಂಬಿ ಬರುತ್ತದೆ. ಆದರೆ ಪಿಟೀಲಿನ ಮೇಲಿನ ಸ್ವರಗಳು ಮಂಕಾಗುತ್ತವೆ. ಪಿಯಾನೊದ ಒಂದು ಸ್ವರದ ಆರಂಭದ ಬಡಿತ ಮತ್ತು ಅದರ ನಂತರದ ಅನುರಣನ ಎರಡನ್ನೂ ಒಂದೇ ಧ್ವನಿವರ್ಧಕ ನಿಜಕ್ಕೆ ಹತ್ತಿರವಾಗಿ ಕೊಡುವುದು ಅಂದು ಕಷ್ಟವಾಗಿತ್ತು. ಒಂದೇ ಮುದ್ರಿಕೆಯನ್ನು ಬೇರೆ ಬೇರೆ ಧ್ವನಿವರ್ಧಕಗಳಲ್ಲಿ ಕೇಳಿದಾಗ ಅದು ಬೇರೆ ಬೇರೆ ಕಛೇರಿಯಂತೆಯೇ ತೋರುವುದುಂಟು.

ದೊಡ್ಡ ಕೊಠಡಿಯೂ ತನ್ನದೇ ತೊಡಕನ್ನು ಒಡ್ಡುತ್ತದೆ. ಒಂಟಿ ಧ್ವನಿವರ್ಧಕದ ದನಿ ಎಲ್ಲ ದಿಕ್ಕಿಗೂ ಹರಡುವುದರಿಂದ, ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಎತ್ತರದ ಛಾವಣಿ ಮತ್ತು ನುಣುಪು ನೆಲಕ್ಕೆ ಬಡಿದು ಹಿಂದಿರುಗುವ ದನಿ ಮೂಲದೊಡನೆ ಕಲೆತು ಸ್ಪಷ್ಟತೆ ಕೆಡುತ್ತದೆ. ಹಲವು ಚಿಕ್ಕ ಧ್ವನಿವರ್ಧಕಗಳನ್ನು ಒಂದರ ಮೇಲೊಂದು ನೇರ ಸಾಲಿನಲ್ಲಿ ಕಂಬದಂತೆ ಕೂಡಿಸುವುದು ಇದಕ್ಕೆ ಒಂದು ಪರಿಹಾರ. ಸಾಕಷ್ಟು ಉದ್ದದ ಸಾಲಿನಿಂದ ಹೊರಡುವ ದನಿ ಅಡ್ಡಲಾಗಿ ಅಗಲವಾಗಿ ಹರಡಿದರೂ ಮೇಲಕ್ಕೂ ಕೆಳಕ್ಕೂ ಕಡಿಮೆ ಚೆಲ್ಲುತ್ತದೆ. ಸಮೀಪದ ವಲಯದಲ್ಲಿ ದೂರ ಇಮ್ಮಡಿಯಾದರೆ 3 ಡೆಸಿಬೆಲ್ ಮಾತ್ರ ಕುಗ್ಗುತ್ತದೆ. 1950ರ ದಶಕದ ಆರಂಭದಲ್ಲಿ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ, ಮಾತು ಪ್ರತಿಧ್ವನಿಯಲ್ಲಿ ಮುಳುಗದಂತೆ ಇಂಥ ಕಂಬಗಳನ್ನು ಅಳವಡಿಸಲಾಯಿತು. ಒಡೆಯರ್ ಅವರು ಸಂಗ್ರಹ ಕಟ್ಟುತ್ತಿದ್ದ ಕಾಲಕ್ಕೆ ಈ ವಿನ್ಯಾಸ ಮನೆಗಳಲ್ಲಿ ಸಾಮಾನ್ಯ ಬಳಕೆಗೆ ಬಂದಿರಲಿಲ್ಲ. ಮನೆಯ ಕೇಳುಗರಲ್ಲಿ ಅದು ಪ್ರಚಾರ ಪಡೆದದ್ದು ಬಹಳ ನಂತರ. ಅಂಥ ಸಾಲಿನಲ್ಲಿ ಕೇಳುವಾಗ ಮುಂದಿನ ಮತ್ತು ಹಿಂದಿನ ಆಸನಗಳ ನಡುವೆ ದನಿಯ ಮಟ್ಟದಲ್ಲಿ ಹೆಚ್ಚು ಅಂತರ ಕಾಣದು. ವಾದ್ಯವೃಂದ ಎತ್ತರವಾಗಿ, ನಿರಾಯಾಸವಾಗಿ ತೆರೆದುಕೊಳ್ಳುತ್ತದೆ. ಆದರೆ ಒಬ್ಬರೇ ಹಾಡಿದ ದನಿ ಇರುವುದಕ್ಕಿಂತ ದೊಡ್ಡದಾಗಿ ಚಾಚಿಕೊಂಡಂತೆ ಅನಿಸಬಹುದು. ತೀರ ಹತ್ತಿರ ಕುಳಿತರೆ, ಸಾಲಿನ ಬೇರೆ ಬೇರೆ ಘಟಕಗಳ ದನಿ ಬೇರೆ ಬೇರೆ ಕ್ಷಣದಲ್ಲಿ ಕಿವಿ ಸೇರಿ ತಾರ ಸ್ವರಗಳು ಮಸುಕಾಗುತ್ತವೆ. ಎಲ್ಲಕ್ಕೂ ಒಪ್ಪುವ ಒಂದೇ ಧ್ವನಿವರ್ಧಕ ಇಂದಿಗೂ ಇಲ್ಲ. ಬಗೆಬಗೆಯವನ್ನು ಇಟ್ಟುಕೊಳ್ಳುವ ಕೇಳುಗರ ಹವ್ಯಾಸದ ಹಿಂದಿನ ಕಾರಣ ಇದೇ.

ಕನ್ನಡ ನಾಡಿನ ಹಿನ್ನೆಲೆ

ತಟ್ಟೆಯಿಂದ ಸಂಗೀತ ಅರಿಯುವುದು ಅರಮನೆಗೆ ಮಾತ್ರ ಸೀಮಿತವಾಗಿರಲಿಲ್ಲ. ಅದೇ ಕಾಲದಲ್ಲಿ ಬೆಳಗಾವಿ, ಧಾರವಾಡ ಮತ್ತು ವಿಜಾಪುರ ಭಾಗಗಳ ಗಾಯಕರನ್ನು ಗ್ರಾಮಫೋನ್ ಕಂಪನಿಗಳು ಹುಡುಕಿಕೊಂಡು ಬರುತ್ತಿದ್ದವು. ಮಲ್ಲಿಕಾರ್ಜುನ ಮನ್ಸೂರ್ ಅವರ ತಟ್ಟೆಗಳು 1930ರ ದಶಕದಲ್ಲಿ ಹೊರಬಂದವು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರಯ್ಯ ಕೋಂಕಾಳಿಮಠ, ಅಂದರೆ ಮುಂದಿನ ಕುಮಾರ ಗಂಧರ್ವ, ಹಿರಿಯ ಗಾಯಕರ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡುವ ಬಾಲಪ್ರತಿಭೆಯಾಗಿ ಹೆಸರಾದರು. ಬಾಲಕ ಭೀಮಸೇನ ಜೋಶಿಯವರನ್ನು ಗುರುವಿನ ಹುಡುಕಾಟಕ್ಕೆ ಮನೆಬಿಟ್ಟು ಹೊರಡುವಂತೆ ಪ್ರೇರೇಪಿಸಿದುದು ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯ ತಟ್ಟೆ.

ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ತೆರೆದರು. ಅದನ್ನು ಮುಂದೆ ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರದ ಬಾನುಲಿ ಸಂಸ್ಥೆಗೆ ಸೇರಿದ ಈ ಕೇಂದ್ರ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಮೆಟ್ನರ್ ಧ್ವನಿಮುದ್ರಣ ಯೋಜನೆ

ರಷ್ಯದ ಸಂಗೀತ ರಚನಕಾರ ಮತ್ತು ಪಿಯಾನೊ ವಾದಕ ನಿಕೊಲಾಯ್ ಮೆಟ್ನರ್ (1880–1951) ಕ್ರಾಂತಿಯ ಬಳಿಕ ತಾಯ್ನಾಡು ತೊರೆದು 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದರು. ಯುದ್ಧದ ಕಾರಣ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯ ನಿಂತುಹೋಯಿತು, ಆರೋಗ್ಯವೂ ಕೆಟ್ಟಿತು. ಅವರ ಕೃತಿಗಳನ್ನು ನುಡಿಸುವವರು ವಿರಳವಾಗಿದ್ದರು.

ಮೆಟ್ನರ್ ಅವರ ಸಂಗೀತವನ್ನು ಮೆಚ್ಚಿದ್ದ ಒಡೆಯರ್ ಅವರು, ರಚನಕಾರರಿಂದಲೇ ಅವರ ಕೃತಿಗಳನ್ನು ನುಡಿಸಿ ಮುದ್ರಿಸುವ ವೆಚ್ಚವನ್ನು ವಹಿಸಿಕೊಂಡರು. ಇದಕ್ಕಾಗಿ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. 1940ರ ದಶಕದ ಕೊನೆಯ ವರ್ಷಗಳಲ್ಲಿ ಅವರ ಮೂರೂ ಪಿಯಾನೊ ಕಾನ್ಚೆರ್ಟೊಗಳು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಮುದ್ರಣಗೊಂಡವು. ಎರಡನೆಯದು ಮತ್ತು ಮೂರನೆಯದನ್ನು ಇಸ್ಸೈ ಡೊಬ್ರೊವೆನ್ ನಿರ್ದೇಶಿಸಿದರು. ಪಿಯಾನೊ ಕೃತಿಗಳು ಮತ್ತು ಗೀತೆಗಳೂ ಸೇರಿದವು. ಗೀತೆಗಳನ್ನು ಹಾಡಿದವರಲ್ಲಿ ಸೊಪ್ರಾನೊ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಒಬ್ಬರು. ಇವೆಲ್ಲ ಹಿಸ್ ಮಾಸ್ಟರ್ಸ್ ವಾಯ್ಸ್ ಸಂಸ್ಥೆಯಿಂದ ಮೂರು ಸಂಪುಟಗಳಲ್ಲಿ ಪ್ರಕಟವಾದವು.

ಕೃತಜ್ಞತೆಯಿಂದ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಅವರು ತಮ್ಮ ಕೃತಿಗಳನ್ನು ಹೇಗೆ ನುಡಿಸುತ್ತಿದ್ದರೆಂಬುದಕ್ಕೆ ಇರುವ ಸಾಕ್ಷ್ಯದಲ್ಲಿ ಬಹುಪಾಲು ಈ ಯೋಜನೆಯದು. ಕೆಲವೇ ವರ್ಷ ತಡವಾಗಿದ್ದರೂ ಅದು ಇಲ್ಲವಾಗುತ್ತಿತ್ತು.

ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ನೆರವು

ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ವಾಲ್ಟರ್ ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಕಟ್ಟಿದ್ದರು. ಇದರ ಕಛೇರಿಗಳನ್ನು ನಡೆಸಲು ಏರ್ಪಟ್ಟ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಒಡೆಯರ್ ಅವರು 1948ರಲ್ಲಿ ಮೊದಲ ಅಧ್ಯಕ್ಷರಾದರು. ಹಣದ ಮುಗ್ಗಟ್ಟಿನಲ್ಲಿದ್ದ ಲೆಗ್ 1949ರಲ್ಲಿ ಮೈಸೂರಿಗೆ ಬಂದಾಗ, ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ನೀಡಲು ಒಡೆಯರ್ ಒಪ್ಪಿದರು. ವಾದ್ಯವೃಂದದ ಕಛೇರಿಗಳನ್ನು ನಡೆಸುವುದರ ಜೊತೆಗೆ, ಕಂಪನಿಗಳು ಲಾಭವಿಲ್ಲವೆಂದು ಕೈಬಿಟ್ಟಿದ್ದ ಕೃತಿಗಳನ್ನು ಮುದ್ರಿಸುವುದೂ ಈ ನೆರವಿನ ಉದ್ದೇಶವಾಗಿತ್ತು.

ಆಗ ಏಳಿಗೆಗೆ ಬರುತ್ತಿದ್ದ ಹರ್ಬರ್ಟ್ ಫಾನ್ ಕರಾಯನ್ ಅವರು 1949ರಲ್ಲಿ ಈ ವೃಂದದೊಡನೆ ಬಾಲಕಿರೆವ್ ಅವರ ಮೊದಲ ಸಿಂಫನಿಯನ್ನೂ ರುಸೆಲ್ ಅವರ ನಾಲ್ಕನೆಯ ಸಿಂಫನಿಯನ್ನೂ ಮುದ್ರಿಸಿದರು. ಎರಡೂ ಅಂದು ತಟ್ಟೆಗಳಲ್ಲಿ ಅಪರೂಪವಾಗಿದ್ದ, ಒಡೆಯರ್ ಅವರ ಅಭಿರುಚಿಗೆ ಸೇರಿದ ಕೃತಿಗಳು. ಸಾವಿರಾರು ತಟ್ಟೆಗಳನ್ನು ಕೇಳಿದ ಒಬ್ಬ ಕೇಳುಗನಿಗೆ ಸಂಗ್ರಹದಲ್ಲಿ ಏನಿಲ್ಲವೆಂಬುದು ತಿಳಿದಿರುತ್ತದೆ. ಆ ಕೊರತೆಯನ್ನು ತುಂಬಲು ಹೊಸ ಮುದ್ರಣವನ್ನೇ ಮಾಡಿಸಿದುದು ಇವರ ವೈಶಿಷ್ಟ್ಯ.

ಕೊನೆಯ ನಾಲ್ಕು ಗೀತೆಗಳು

ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್ 1948ರಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ, ಸೊಪ್ರಾನೊ ಕಂಠ ಮತ್ತು ವಾದ್ಯವೃಂದಕ್ಕಾಗಿ ನಾಲ್ಕು ಗೀತೆಗಳನ್ನು ರಚಿಸಿದರು. ಮೂರಕ್ಕೆ ಹರ್ಮನ್ ಹೆಸ್ ಅವರ ಕವಿತೆಗಳೂ ಒಂದಕ್ಕೆ ಐಕೆನ್‌ಡಾರ್ಫ್ ಅವರ ಕವಿತೆಯೂ ಸಾಹಿತ್ಯ. ಅವುಗಳನ್ನು ವೇದಿಕೆಯಲ್ಲಿ ಕೇಳುವ ಮುನ್ನವೇ, 1949ರ ಸೆಪ್ಟೆಂಬರಿನಲ್ಲಿ, ಸ್ಟ್ರಾಸ್ ನಿಧನರಾದರು.

ಗೀತೆಗಳ ಮೊದಲ ಪ್ರದರ್ಶನ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ಹಾಡಿದವರು ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್. ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಅವರ ನಿರ್ದೇಶನದಲ್ಲಿ ಫಿಲ್‌ಹಾರ್ಮೋನಿಯಾ ವೃಂದ ನುಡಿಸಿತು. ಕಾರ್ಯಕ್ರಮವನ್ನು ಮುದ್ರಿಸಿ ತಮ್ಮ ಸಂಗ್ರಹಕ್ಕೆ ಕಳುಹಿಸಬೇಕೆಂಬ ಆಶಯದಿಂದ ಒಡೆಯರ್ ಅವರು 4,800 ಡಾಲರುಗಳ ಖಾತರಿ ನೀಡಿದ್ದರು. ಅವರಿಗೆ ಲಂಡನ್ನಿಗೆ ಹೋಗಲಾಗಲಿಲ್ಲ. ಮುದ್ರಿಕೆಯನ್ನು ಮೈಸೂರಿಗೆ ಸಾಗಿಸಲಾಯಿತು. ಸಭಾಂಗಣದಲ್ಲಿ ಸಾವಿರಾರು ಜನ ನೇರವಾಗಿ ಕೇಳಿದ ಸಂಗೀತವನ್ನು, ಅದಕ್ಕೆ ಹಣ ಒದಗಿಸಿದವರು ಕೇಳಬೇಕಾದದ್ದು ತಮ್ಮ ಮನೆಯ ಧ್ವನಿವರ್ಧಕದಲ್ಲಿ.

ಈ ಪ್ರದರ್ಶನದ ಉಳಿದುಬಂದ ಮುದ್ರಿಕೆಗಳು ಸವೆದಿದ್ದು, ಗಾಯನವು ಕರಕರ ಸದ್ದಿನ ಹಿಂದೆ ಕೇಳಿಬರುತ್ತದೆ. ಆದರೂ ಇಪ್ಪತ್ತನೆಯ ಶತಮಾನದ ಒಂದು ಪ್ರಸಿದ್ಧ ಕೃತಿಯ ಮೊದಲ ಪ್ರದರ್ಶನದ ದಾಖಲೆಯಾಗಿ ಅವುಗಳಿಗೆ ದೊಡ್ಡ ಬೆಲೆಯಿದೆ. ದಶಕಗಳ ನಂತರ ಅವು ಸಾರ್ವಜನಿಕರಿಗೂ ದೊರೆತವು.

ಕರ್ನಾಟಕ ಸಂಗೀತ

ಪಟ್ಟವೇರಿದ ನಂತರ ಒಡೆಯರ್ ಅವರು ಕರ್ನಾಟಕ ಸಂಗೀತದ ಅಭ್ಯಾಸಕ್ಕೆ ಗಂಭೀರವಾಗಿ ತೊಡಗಿದರು. ವೀಣೆಯನ್ನು ವಿದ್ವಾನ್ ವೆಂಕಟಗಿರಿಯಪ್ಪನವರಲ್ಲಿ ಕಲಿತರು. ರಚನೆಯಲ್ಲಿ ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದರು. ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀವಿದ್ಯಾ ಉಪಾಸನೆಯ ದೀಕ್ಷೆ ಪಡೆದು, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಸಂಸ್ಕೃತ ಸಾಹಿತ್ಯ, ದೇವೀಸ್ತುತಿ ಮತ್ತು ಅಪರೂಪದ ರಾಗಗಳ ಆಯ್ಕೆ ಇವುಗಳ ಲಕ್ಷಣ. ಗಂಭೀರನಾಟ ರಾಗದಲ್ಲಿ ಜಾಲಂಧರ ಪೀಠದ ದೇವಿಯನ್ನು ಕುರಿತ ಕೃತಿಯೂ, ಅಠಾಣ ರಾಗದ ಗಣಪತಿ ಕೃತಿಯೂ ಕಛೇರಿಗಳಲ್ಲಿ ಇಂದಿಗೂ ಕೇಳಿಬರುತ್ತವೆ. 94 ಕೃತಿಗಳೂ ಶ್ರೀವಿದ್ಯಾ ಗಾನವಾರಿಧಿ ಎಂಬ ಗ್ರಂಥದಲ್ಲಿ 2010ರಲ್ಲಿ ಪ್ರಕಟವಾದವು.

ಇವರ ಆಸ್ಥಾನದಲ್ಲಿದ್ದ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ರೂಪಿಸಿದವರು. ಧ್ವನಿವರ್ಧಕಗಳಿಲ್ಲದ ಕಛೇರಿಗಳಲ್ಲಿ ಹಿಂದಿನ ಸಾಲಿನವರಿಗೂ ನಾದ ತಲುಪಲಿ ಎಂಬುದು ಅದರ ಹಿಂದಿನ ಉದ್ದೇಶ. ಬಿ. ದೇವೇಂದ್ರಪ್ಪ, ತಿಟ್ಟೆ ಕೃಷ್ಣಯ್ಯಂಗಾರ್ ಮತ್ತು ವಿ. ದೊರೆಸ್ವಾಮಿ ಅಯ್ಯಂಗಾರ್ ಅವರೂ ಅರಮನೆಯ ಆಶ್ರಯ ಪಡೆದವರು.

ರಾಜ್ಯಪಾಲರಾಗಿ

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ರಚನೆಯಾದಾಗ ಒಡೆಯರ್ ಅವರು ವಿಶಾಲ ಮೈಸೂರು ರಾಜ್ಯದ ಮೊದಲ ರಾಜ್ಯಪಾಲರಾದರು. ಅದುವರೆಗೆ ಮುಂಬಯಿ ರಾಜ್ಯದಲ್ಲಿದ್ದ ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗ ಪ್ರದೇಶಗಳೂ ಈಗ ಇದೇ ರಾಜ್ಯದ ಭಾಗವಾದವು. ಇವುಗಳಲ್ಲಿ ರಾಮದುರ್ಗವೂ 1948ರವರೆಗೆ ಪ್ರತ್ಯೇಕ ಸಂಸ್ಥಾನವೇ ಆಗಿತ್ತು. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭಾ ನದಿಗೆ ಕಟ್ಟಿದ ಅಣೆಕಟ್ಟು, ಹೀಗೆ ಒಂದಾದ ರಾಜ್ಯವು ಈ ಭಾಗದಲ್ಲಿ ಕೈಗೊಂಡ ದೊಡ್ಡ ಕೆಲಸಗಳಲ್ಲೊಂದು. ಅದು 1972ರಲ್ಲಿ ಪೂರ್ಣಗೊಂಡಿತು. ಹಳೆಯ ಮೈಸೂರಿನ ಅರಸರಾಗಿದ್ದವರು, ತಮ್ಮ ವಂಶ ಎಂದೂ ಆಳಿರದ ಉತ್ತರದ ಜಿಲ್ಲೆಗಳಿಗೂ ಸಂವಿಧಾನದ ಅಡಿಯಲ್ಲಿ ರಾಜ್ಯಪಾಲರಾದುದು ಏಕೀಕರಣದ ಇತಿಹಾಸದಲ್ಲಿ ಉಲ್ಲೇಖಾರ್ಹ ಸಂಗತಿ. 1964ರ ಮೇ ತಿಂಗಳವರೆಗೆ ಈ ಹುದ್ದೆಯಲ್ಲಿದ್ದು, ಬಳಿಕ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. ಭಾರತೀಯ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರೂ ಇವರೇ.

ಸಾಹಿತ್ಯ ಕೃತಿಗಳು

ಇವರು ಇಂಗ್ಲಿಷಿನಲ್ಲಿ ದತ್ತಾತ್ರೇಯ ತತ್ತ್ವ, ಭಗವದ್ಗೀತೆ ಮತ್ತು ಭಾರತೀಯ ಸಂಸ್ಕೃತಿ, ಭಾರತೀಯ ಸೌಂದರ್ಯಮೀಮಾಂಸೆ ಮುಂತಾದ ವಿಷಯಗಳ ಮೇಲೆ ಗ್ರಂಥಗಳನ್ನು ಬರೆದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ರಾನಡೆ ಉಪನ್ಯಾಸಮಾಲೆಯಲ್ಲಿ ನೀಡಿದ ಉಪನ್ಯಾಸಗಳು ಧರ್ಮ ಮತ್ತು ಮಾನವನನ್ನು ಕುರಿತ ಪುಸ್ತಕವಾದವು. ಇವರ ಆಶ್ರಯದಲ್ಲಿ ಹೊರಬಂದ ಶ್ರೀ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯು ಋಗ್ವೇದವೂ ಸೇರಿದಂತೆ ಅನೇಕ ಸಂಸ್ಕೃತ ಗ್ರಂಥಗಳನ್ನು ಕನ್ನಡಕ್ಕೆ ತಂದಿತು.

ಕೊನೆಯ ದಿನಗಳು

1966ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಇವರಿಗೆ ಫೆಲೋಶಿಪ್ ನೀಡಿ ಗೌರವಿಸಿತು. 1971ರಲ್ಲಿ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರು ಅರಮನೆಯಲ್ಲಿ, 55ನೆಯ ವಯಸ್ಸಿನಲ್ಲಿ, ನಿಧನರಾದರು. ಇವರಿಗೆ ಒಬ್ಬ ಪುತ್ರ, ಐವರು ಪುತ್ರಿಯರು. ಪುತ್ರ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ (1953–2013) ಲೋಕಸಭಾ ಸದಸ್ಯರಾಗಿದ್ದರು.

ಮಹತ್ವ

ಭಾರತದ ಸಂಸ್ಥಾನಿಕರಲ್ಲಿ ಸಂಗೀತಪೋಷಕರು ಅನೇಕರು. ಅವರಲ್ಲಿ ಹೆಚ್ಚಿನವರು ಕಲಾವಿದರನ್ನು ತಮ್ಮ ಆಸ್ಥಾನಕ್ಕೆ ಕರೆಸಿ, ಎದುರಿಗೆ ಕುಳಿತು ಕೇಳಿದರು. ಜಯಚಾಮರಾಜ ಒಡೆಯರ್ ಅವರು ಈ ಪರಂಪರೆಯನ್ನು ಮುಂದುವರಿಸುವುದರ ಜೊತೆಗೆ, ತಾವು ಭೇಟಿಯಾಗದ ಕಲಾವಿದರಿಗೂ, ತಾವು ಕಾಲಿಡಲಾಗದ ಸಭಾಂಗಣಕ್ಕೂ ಆಸರೆಯಾದರು. ಆಸ್ಥಾನದ ಕಛೇರಿಯ ನಾದ ಅಂದಿನ ಸಂಜೆಗೇ ಮುಗಿಯುತ್ತಿತ್ತು. ತಟ್ಟೆಗೆ ಇಳಿದ ನಾದ ಉಳಿಯಿತು. ಮೆಟ್ನರ್ ಅವರ ಸ್ವಂತ ವಾದನ, ಫ್ಲಾಗ್‌ಸ್ಟಾಡ್ ಅವರ ಗಾಯನ ಹಾಗೂ ಕರಾಯನ್ ಅವರ ಆರಂಭದ ದಿನಗಳ ಸಿಂಫನಿಗಳನ್ನು ಯಾವುದೇ ಮನೆಯಲ್ಲಿ, ಯಾವುದೇ ಧ್ವನಿವರ್ಧಕದಲ್ಲಿ ಇಂದು ಕೇಳಲು ಸಾಧ್ಯವಾಗಿದೆ. ಫಿಲ್‌ಹಾರ್ಮೋನಿಯಾ ವಾದ್ಯವೃಂದವೂ ಲಂಡನ್ನಿನ ಪ್ರಮುಖ ವೃಂದಗಳಲ್ಲೊಂದಾಗಿ ಮುಂದುವರಿದಿದೆ.

ಜೀವನದ ಮುಖ್ಯ ಘಟನೆಗಳು

1919 – ಮೈಸೂರಿನಲ್ಲಿ ಜನನ
1938 – ಮಹಾರಾಜಾ ಕಾಲೇಜಿನಿಂದ ಪದವಿ
1939 – ಯುರೋಪ್ ಪ್ರವಾಸ
1940 – ತಂದೆ ಮತ್ತು ದೊಡ್ಡಪ್ಪನ ನಿಧನ; ಪಟ್ಟಾಭಿಷೇಕ
1945 – ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ
1947 – ಭಾರತ ಒಕ್ಕೂಟಕ್ಕೆ ಸೇರ್ಪಡೆ, ಜವಾಬ್ದಾರಿ ಸರ್ಕಾರ
1948 – ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಅಧ್ಯಕ್ಷತೆ
1949 – ವಾಲ್ಟರ್ ಲೆಗ್ ಮೈಸೂರಿಗೆ ಭೇಟಿ
1950 – ರಾಜಪ್ರಮುಖ; ಸ್ಟ್ರಾಸ್ ಗೀತೆಗಳ ಮೊದಲ ಪ್ರದರ್ಶನದ ಮುದ್ರಣ
1956 – ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲ
1964 – ಮದರಾಸಿನ ರಾಜ್ಯಪಾಲ
1966 – ಸಂಗೀತ ನಾಟಕ ಅಕಾಡೆಮಿ ಫೆಲೋಶಿಪ್
1974 – ಬೆಂಗಳೂರಿನಲ್ಲಿ ನಿಧನ